ಬೊಟೀಕಿನ ಬೋರ್ಡು, ಟ್ರಂಕಿನ ಚೂರು

ಅಂಗಡಿ ತೆರೆದ ಎರಡನೆಯ ವಾರ ಒಬ್ಬ ಹುಡುಗಿ ಬಂದು ಬಾಗಿಲಲ್ಲಿ ನಿಂತಳು. ನನ್ನ ಕೊರಳಲ್ಲಿ ಅಳತೆಯ ಟೇಪು ಇತ್ತು. ಮುಂದೆ ಹೊಲಿಗೆ ಮಷಿನ್ನು, ಹಿಂದೆ ಹಗ್ಗಕ್ಕೆ ನೇತುಹಾಕಿದ ಜಂಪರುಗಳು, ಕಾಲ ಬುಡದಲ್ಲಿ ದಾರದ ತುಂಡುಗಳು. ಇದನ್ನೆಲ್ಲ ಕಣ್ಣಾರೆ ನೋಡಿ, ಮೊಬೈಲಿನಲ್ಲೂ ಒಮ್ಮೆ ಏನನ್ನೋ ನೋಡಿ, ಅವಳು ನನ್ನನ್ನೇ ಕೇಳಿದಳು: "ಆಂಟಿ, ಇಲ್ಲಿ ಹತ್ರದಲ್ಲಿ ಯಾವ್ದಾದ್ರೂ ಬೊಟೀಕ್ ಇದ್ಯಾ? ಒಂದು ಬ್ಲೌಸ್ ಹೊಲಿಸ್ಬೇಕಿತ್ತು."

ನೀರಲ್ಲಿ ನಿಂತವಳನ್ನು ಬಾವಿ ಎಲ್ಲಿದೆ ಎಂದು ಕೇಳಿದ ಹಾಗಾಯಿತು. ಆದರೆ ನಾನು ಮಾಡಿದ್ದೇನು ಗೊತ್ತೇ? ಆ ಹೆಸರಿನ ಬೋರ್ಡು ಕಂಡಿದ್ದ ನೆನಪಿನಿಂದ ಕೈಯೆತ್ತಿ ದಾರಿ ತೋರಿಸಿದೆ. "ಮುಂದ ಹೋಗಿ ಎಡಕ್ಕ ಹೊರಳವ್ವ, ಬೇಕರಿ ಮಗ್ಗಲಕ್ಕ ಐತಿ." ಥ್ಯಾಂಕ್ಸ್ ಆಂಟಿ ಎಂದು ಅವಳು ಹೋದಳು. ತಿರುವಿನಲ್ಲಿ ಅವಳು ಮರೆಯಾದ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ, ಆ ದಿನ ಎರಡು ಸೂಜಿ ಮುರಿದೆ.

ಬೆಟಗೇರಿಯ ನನ್ನ ಹಳೆಯ ಗಿರಾಕಿಗಳೇ, ನೀವು ಫೋನು ಮಾಡಿದಾಗಲೆಲ್ಲ "ಬೆಂಗಳೂರು ಹೆಂಗೈತಿ ಸರೋಜಕ್ಕ" ಎಂದು ಕೇಳುತ್ತೀರಿ. ಚಲೋ ಐತಿ ಎಂದು ಹೇಳಿ ಫೋನು ಇಡುತ್ತೇನೆ. ಈಗ ಬರೆದೇ ಹೇಳುತ್ತೇನೆ, ಕೇಳಿ.

ಇಪ್ಪತ್ತೆರಡು ವರ್ಷ ನಿಮ್ಮ ನಡುವೆ ಹೊಲಿದವಳು ನಾನು. ನಮ್ಮ ಮನೆಯವರಿಗೆ ಯಲಹಂಕ ರೈಲ್ವೆ ಸ್ಟೇಶನ್ನಿಗೆ ವರ್ಗವಾಯಿತು. ನನ್ನ ಅಂಗಡಿಯನ್ನು, ನನ್ನ ಕೈಯಲ್ಲೇ ಕತ್ತರಿ ಹಿಡಿಯಲು ಕಲಿತ ರೇಣುಕಾಳಿಗೆ ಒಪ್ಪಿಸಿ, ಯುಗಾದಿ ಮುಗಿಸಿಕೊಂಡು ಮಷಿನ್ನು, ಟ್ರಂಕು ಹೊತ್ತು ಇಲ್ಲಿಗೆ ಬಂದೆವು. ಮನೆ ಸಿಕ್ಕಿದ್ದು ಜಕ್ಕೂರಿನ ಹಳೇ ಊರಿನೊಳಗೆ. ನಾವು ಓಣಿ ಎನ್ನುವುದಕ್ಕೆ ಇಲ್ಲಿ ಕ್ರಾಸ್ ಎನ್ನುತ್ತಾರೆ. ಕ್ರಾಸಿನ ಈ ತುದಿಯಲ್ಲಿ ಹಸು ಕಟ್ಟಿದ ಮನೆಗಳು, ಆ ತುದಿಯಲ್ಲಿ ಆಕಾಶಕ್ಕೆ ಮುಖ ಮಾಡಿದ ಅಪಾರ್ಟ್‌ಮೆಂಟುಗಳು. ಬೆಳಿಗ್ಗೆ, ಹತ್ತಿರದಲ್ಲೇ ವಿಮಾನ ಹಾರಿಸಲು ಕಲಿಸುವ ಶಾಲೆಯ ಪುಟ್ಟ ವಿಮಾನಗಳು ತಲೆಯ ಮೇಲೇ ಗಿರಕಿ ಹೊಡೆಯುತ್ತವೆ. ಮೊದಲ ದಿನ ಹೆದರಿ ಒಳಗೆ ಓಡಿದ್ದೆ. ಈಗ ಅವು ಹಾರದಿದ್ದರೆ ಹೊತ್ತಾದದ್ದೇ ತಿಳಿಯುವುದಿಲ್ಲ.

ಮನೆ ಮಾಲೀಕರು ಜಯಮ್ಮನವರು. ಎಪ್ಪತ್ತರ ಹತ್ತಿರದ ಹೆಂಗಸು, ಒಕ್ಕಲು ಮನೆತನ, ಮಾತು ಗಡಸು, ಮನಸ್ಸು ಹಾಗಲ್ಲ. ಬಂದ ಮೊದಲ ವಾರವೇ ಸೊಪ್ಪಿನ ಸಾರು, ಮುದ್ದೆ ಕಳಿಸಿದರು. ಮುದ್ದೆಯನ್ನು ನಾನು ರೊಟ್ಟಿಯ ಹಾಗೆ ಅಗಿದು ತಿನ್ನುವುದನ್ನು ನೋಡಿ, "ಅಯ್ಯೋ, ಅಗೀಬಾರ್ದು ಕಣಮ್ಮ, ನುಂಗ್ಬೇಕು, ನುಂಗು!" ಎಂದು ಕೂಗಿದರು. ಎದುರಿನ ಅಪಾರ್ಟ್‌ಮೆಂಟನ್ನು ತೋರಿಸಿ, "ಅಲ್ಲೇ ನಮ್ ರಾಗಿ ಒಲ ಇದ್ದಿದ್ದು" ಎಂದರು. ಮನೆಯ ಮುಂದಿದ್ದ ಒಂದು ಶಟರಿನ ಅಂಗಡಿಯನ್ನು ನನಗೆ ಕೊಟ್ಟಾಗ ಮಾತ್ರ ಒಂದು ಷರತ್ತು ಹಾಕಿದರು.

"ದೀಪಾವಳಿ ಗಂಟ ನೋಡು ಸರೋಜಮ್ಮ. ನಡೀತಾ, ನಿಂದೇ. ನಡೀಲಿಲ್ವಾ, ಜ್ಯೂಸ್ ಅಂಗ್ಡಿಯೋನು ಕೇಳ್ತಾವ್ನೆ. ಅವನ್ಗೆ ಕೊಟ್ಬುಡ್ತೀನಿ. ಆಮೇಲೆ ಬೇಜಾರ್ ಮಾಡ್ಕೋಬೇಡ."

ಆ ಶಟರು ನನಗೆ ಏಕೆ ಬೇಕಿತ್ತು ಎನ್ನುವುದನ್ನು ಗಂಡಸರಿಗೆ ಹೇಳಿದರೆ ಅರ್ಥವಾಗುವುದಿಲ್ಲ. "ಮನ್ಯಾಗ ಕೂತು ಹೊಲಿ, ಯಾರ್ ಬ್ಯಾಡಂದ್ರು" ಎಂದರು ನಮ್ಮ ಮನೆಯವರು. ಬೆಟಗೇರಿಯಲ್ಲಿ ಸಂತೆಗೆ ಹೋದರೆ ಕಾಯಿಪಲ್ಯೆಯವಳೂ ನನ್ನನ್ನು "ಟೇಲರ್ ಅಕ್ಕಾರ" ಎಂದು ಕರೆಯುತ್ತಿದ್ದಳು. ಇಲ್ಲಿ ನಾನು ಎಲ್ಲರಿಗೂ ಆಂಟಿ. ಹಾಲು ತರಲು ಹೋದವಳೂ ಆಂಟಿ, ಬಸ್ಸಿನಲ್ಲಿ ನಿಂತವಳೂ ಆಂಟಿ. ಆ ಶಟರು ಇಳಿದರೆ ಬಾಡಿಗೆ ಮನೆಯ ಒಳಗಿನ ಒಬ್ಬ ಆಂಟಿಯಾಗಿ ಉಳಿಯಬೇಕಾಗುತ್ತದೆ. ಅದು ನನ್ನಿಂದಾಗದು.

ದಾರಿ ಕೇಳಿದ ಹುಡುಗಿಯ ಕಥೆಯನ್ನು ಜಯಮ್ಮನವರಿಗೆ ಹೇಳಿದೆ. ನಕ್ಕು ಸುಸ್ತಾದರು. "ಟೇಲರ್ ಅಂತ ಬೋರ್ಡ್ ಆಕಿದ್ರೆ ಪ್ಯಾಂಟ್ ಜಿಪ್ ಆಕ್ಸೋಕೆ ಬತ್ತಾರೆ ಅಷ್ಟೆಯ. ಬೊಟೀಕ್ ಅಂತ ಆಕ್ಸು."

"ಬೊಟೀಕ್ ಅಂದ್ರ ಏನ್ರೀ?"

"ಏಸಿ ಇರೋ ಟೇಲರ್ ಕಣಮ್ಮ."

ನನ್ನಲ್ಲಿ ಏಸಿ ಇರಲಿಲ್ಲ, ಒಂದು ಟೇಬಲ್ ಫ್ಯಾನು ಇತ್ತು. ಆದರೂ ಬೋರ್ಡು ಮಾಡಿಸಲು ಹೋದೆ. ಕಂಪ್ಯೂಟರಿನ ಮುಂದೆ ಕೂತಿದ್ದ ಮನುಷ್ಯ ತಲೆಯೆತ್ತದೆ ಕೇಳಿದ: "ಡಿಸೈನರ್ ಬೊಟೀಕ್ ಅಂತ ಹಾಕ್ಲಾ ಮೇಡಂ, ಬರೀ ಬೊಟೀಕ್ ಅಂತ ಹಾಕ್ಲಾ?" ಎರಡಕ್ಕೂ ವ್ಯತ್ಯಾಸವೇನು ಎಂದೆ. "ಏನಿಲ್ಲ ಮೇಡಂ, ಅಕ್ಷರ ಜಾಸ್ತಿ." ಬರೀ ಬೊಟೀಕು ಸಾಕೆಂದೆ. 'ಸರೋಜಾ ಬೊಟೀಕ್' ಎಂದು ಬರೆದು, ಪಕ್ಕಕ್ಕೆ ನಾನು ಕೇಳದೇ ಇದ್ದರೂ ಸೊಂಟದ ಮೇಲೆ ಕೈಯಿಟ್ಟ ಬಡಕಲು ಹುಡುಗಿಯ ಚಿತ್ರವನ್ನು ಹಾಕಿ ಕೊಟ್ಟ. ಅರ್ಥ ತಿಳಿಯದ ಹೆಸರನ್ನು ತಲೆಯ ಮೇಲೆ ಹೊತ್ತು ಕೂರುವುದು ನನಗೆ ಮುಜುಗರವೇ ಆಗಿತ್ತು. ಹಾಗಂತ ಹೆಮ್ಮೆಯೂ ಆಗಲಿಲ್ಲ ಎಂದರೆ ಸುಳ್ಳು. ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು ರೇಣುಕಾಳಿಗೆ ಕಳಿಸಿದೆ.

ಬೋರ್ಡು ಮೇಲೇರಿದ ಮೂರನೆಯ ದಿನ ಅಪಾರ್ಟ್‌ಮೆಂಟಿನಿಂದ ನಿಖಿತಾ ಎಂಬ ಹೆಣ್ಣುಮಗಳು ಬಂದಳು. ಮದುವೆಯಾಗಿ ವರ್ಷವಾಗಿತ್ತು. ತಮ್ಮನ ಮದುವೆಗೆ ಉಡಲು ತೀರಿಹೋದ ತಾಯಿಯ ರೇಷ್ಮೆ ಸೀರೆಯನ್ನು ತಂದಿದ್ದಳು. ನವಿಲಿನ ಕೊರಳಿನ ಬಣ್ಣ. ಸೀರೆಯಲ್ಲೇ ನೇಯ್ದ ಜಂಪರಿನ ತುಂಡನ್ನು ಆ ತಾಯಿ ಕತ್ತರಿಸದೆ ಹಾಗೇ ಇಟ್ಟಿದ್ದಳು. ಆ ಬಟ್ಟೆಗೆ ಕತ್ತರಿ ಹಾಕುವ ಮೊದಲು ನಾನು ಮಷಿನ್ನಿಗೆ ಕೈಮುಗಿದೆ. ಊರಿನಲ್ಲಿ ಹೇಗೆ ಹೊಲಿಯುತ್ತಿದ್ದೆನೋ ಹಾಗೇ, ಜೀವ ತೇದು ಹೊಲಿದೆ.

ಊರಿನಲ್ಲಿ ಹೇಗೆ ಎನ್ನುವುದು ನಿಮಗೆ ಗೊತ್ತು. ಎರಡೂ ಪಕ್ಕದ ಹೊಲಿಗೆಯೊಳಗೆ ಎರಡೆರಡು ಬೆರಳು ಬಟ್ಟೆಯನ್ನು ಬಿಟ್ಟು ಮಡಚುವುದು. ಹೆಣ್ಣಿನ ಮೈ ಒಂದೇ ಹಾಗೆ ಇರುವುದಿಲ್ಲ. ಬಸುರಿ, ಬಾಣಂತನ, ಜ್ವರ, ಚಿಂತೆ. ಬಿಚ್ಚಿ ಸಡಿಲ ಮಾಡಿದರೆ ಒಂದು ಜಂಪರು ಇಪ್ಪತ್ತು ವರ್ಷ ಜೊತೆಗಿರಬೇಕು. ಇನ್ನು ಕತ್ತರಿಸಿ ಉಳಿದ ಚೂರು. ಅದನ್ನು ಗಂಟು ಕಟ್ಟಿ ಜಂಪರಿನ ಜೊತೆ ಕೊಡದಿದ್ದರೆ ನೀವು ಬಿಡುತ್ತಿದ್ದಿರೇ? ಜಂಪರನ್ನು ನೋಡುವ ಮೊದಲೇ "ಚೂರು ಎಲ್ಲೈತಿ" ಎನ್ನುತ್ತಿದ್ದಿರಿ, ಚೂರಿಗೆ ಚೂರು ಕೂಡಿಸಿ ಹೊದೆಯಲು ಕೌದಿ ಹೊಲಿಯಬೇಕಲ್ಲ. ನಮ್ಮ ಅತ್ತೆಯಂತೂ, ಗಿರಾಕಿಯ ಒಂದು ಚೂರು ಇಟ್ಟುಕೊಂಡರೂ ಕತ್ತರಿ ಮೊಂಡಾಗತೈತಿ ಎಂದು ಹೆದರಿಸಿಯೇ ನನಗೆ ಕೆಲಸ ಕಲಿಸಿದ್ದರು.

ನಿಖಿತಾ ಜಂಪರನ್ನು ಒಳಹೊರಗು ಮಾಡಿ ನೋಡಿದಳು. ಹೊರಗನ್ನು ಒಂದು ಗಳಿಗೆ, ಒಳಗನ್ನು ಬಹಳ ಹೊತ್ತು.

"ಒಳಗಡೆ ಏನ್ ಆಂಟಿ ಇಷ್ಟೊಂದು ಬಟ್ಟೆ? ಫಿನಿಶಿಂಗೇ ಇಲ್ವಲ್ಲ. ಕಟ್ ಮಾಡ್ಬಿಡಿ."

"ಬ್ಯಾಡವ್ವ, ಇರ್ಲಿ. ಮುಂದ ಮೈ ಕೈ ತುಂಬಿಕೊಂಡ್ರ ಬಿಚ್ಚಾಕ ಬರತೈತಿ."

ನಮ್ಮಲ್ಲಿ ಇದು ಹರಸುವ ಮಾತು. ಮೈ ಕೈ ತುಂಬಲಿ ಎಂದರೆ ಯಾವ ಹೆಣ್ಣುಮಗಳು ನಾಚಿ ನಗುವುದಿಲ್ಲ? ಇವಳ ಮುಖ ಕೆಂಪಾಯಿತು.

"ನಾನು ದಪ್ಪ ಆಗ್ತೀನಿ ಅಂತಾನಾ? ಡೈಲಿ ಜಿಮ್‌ಗೆ ಹೋಗ್ತೀನಿ ನಾನು."

"ಹಂಗಲ್ಲವ್ವ..."

"ಆಂಟಿ, ಪ್ಲೀಸ್. ಕಟ್ ಮಾಡಿ."

ಮೂರು ಸಲ ಬೇಡವೆಂದೆ. ಕೇಳಲಿಲ್ಲ. ಕೊನೆಗೆ ಅವಳ ಕಣ್ಣೆದುರೇ ಆ ಎರಡು ಬೆರಳು ಬಟ್ಟೆಯನ್ನು ಕತ್ತರಿಸಿ ತೆಗೆದೆ. ಉಳಿದ ಚೂರುಗಳ ಗಂಟಿಗೆ ಅದನ್ನೂ ಸೇರಿಸಿ ಕೊಡಲು ಹೋದರೆ, "ಅಯ್ಯೋ, ಈ ಕಸ ನನಗ್ಯಾಕೆ? ನೀವೇ ಡಸ್ಟ್‌ಬಿನ್‌ಗೆ ಹಾಕ್ಬಿಡಿ" ಎಂದು ಹೋದಳು. ತಾಯಿಯ ಸೀರೆಯ ರೇಷ್ಮೆ! ಕಸವಂತೆ! ನನಗೆ ಎಸೆಯಲಾಗಲಿಲ್ಲ. ಒಂದು ಚೀಟಿಯಲ್ಲಿ ಅವಳ ಹೆಸರು ಬರೆದು ಗಂಟಿಗೆ ಪಿನ್ನು ಚುಚ್ಚಿ ಟ್ರಂಕಿಗೆ ಹಾಕಿದೆ.

ಎರಡು ದಿನದ ಮೇಲೆ ಜಯಮ್ಮನವರ ಸೊಸೆ ಬಂದು ಮೊಬೈಲು ತೋರಿಸಿದಳು. ಮ್ಯಾಪಿನಲ್ಲಿ ನನ್ನ ಅಂಗಡಿಗೆ ಐದರಲ್ಲಿ ಒಂದೇ ಒಂದು ನಕ್ಷತ್ರ. ಕೆಳಗೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಅವಳೇ ಕನ್ನಡದಲ್ಲಿ ಹೇಳಿದಳು: ಹಳೇ ಕಾಲದ ಹೊಲಿಗೆ, ಹೆಸರಿಗೆ ಮಾತ್ರ ಬೊಟೀಕು, ಆಂಟಿ ಗಿರಾಕಿಗಳ ಮೈ ಬಗ್ಗೆ ಹಂಗಿಸುತ್ತಾರೆ. ಹಂಗಿಸಿದೆನಂತೆ ನಾನು! ಹರಸಿದವಳು! ಊರಿನಲ್ಲಾಗಿದ್ದರೆ ಸೀದಾ ಅವಳ ಮನೆಗೆ ಹೋಗಿ ಕಟ್ಟೆಯ ಮೇಲೆ ಕೂತು, ಅವಳ ಅತ್ತೆಯನ್ನು ಕರೆದು, ಒಂದು ಲೋಟ ಚಾ ಕುಡಿಯುವಷ್ಟರಲ್ಲಿ ಜಗಳ ಮುಗಿಸಿ ಬರುತ್ತಿದ್ದೆ. ಇಲ್ಲಿ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಯಾರ ಮನೆಗೆ, ಯಾಕೆ, ನಂಬರ್ ಹೇಳಿ ಎನ್ನುತ್ತಾರೆ. ಜಗಳಕ್ಕೆ ಬಂದಿದ್ದೇನೆ ಎಂದು ಪುಸ್ತಕದಲ್ಲಿ ಬರೆಯಲೇ?

ಆಮೇಲೆ ಗಿರಾಕಿಗಳು ಇನ್ನೂ ಕಡಿಮೆಯಾದರು. ಬಂದವರೂ ಕೂರುವುದಿಲ್ಲ. ನಮ್ಮ ಅಂಗಡಿಯ ಬೆಂಚು ನೆನಪಿದೆಯಲ್ಲ, ನಾನು ಹೊಲಿಯುತ್ತಿದ್ದರೆ ನೀವು ಅವರೆಕಾಯಿ ಸುಲಿಯುತ್ತ ಊರ ಸುದ್ದಿ ಹೇಳುತ್ತಿದ್ದಿರಿ. ಇಲ್ಲಿ ಬೆಂಚು ಹಾಕಿದೆ. ಅದರ ಮೇಲೆ ಕವರು ಇಟ್ಟು "ರೆಡಿ ಆದ್ರೆ ವಾಟ್ಸಾಪ್ ಮಾಡಿ ಆಂಟಿ" ಎಂದು ನಡೆಯುತ್ತಾರೆ. ಮಧ್ಯಾಹ್ನವೆಲ್ಲ ನನ್ನ ಮಷಿನ್ನಿನ ಸದ್ದನ್ನು ನಾನೇ ಕೇಳಿಕೊಂಡು ಕೂರುತ್ತಿದ್ದೆ. ಒಮ್ಮೊಮ್ಮೆ ಅಳು ಬರುತ್ತಿತ್ತು, ಅತ್ತಿದ್ದೇನೆ ಕೂಡ.

ಹೆದರಿಕೆಗೆ ನಾನೂ ಬದಲಾದೆ. ಎಲ್ಲರ ಜಂಪರಿನ ಒಳಬಟ್ಟೆಯನ್ನೂ ಯಾರೂ ಕೇಳುವ ಮೊದಲೇ ಕತ್ತರಿಸಿ, ಅಂಚಿಗೆ ನೀಟಾಗಿ ಹೊಲಿಗೆ ಹಾಕಿ ಕೊಡತೊಡಗಿದೆ. "ಫಿನಿಶಿಂಗ್ ಸೂಪರ್ ಆಂಟಿ" ಎಂದಾಗ ಖುಷಿಯಾಗುವ ಬದಲು ಅತ್ತೆಯ ಮುಖ ಕಣ್ಣೆದುರು ಬರುತ್ತಿತ್ತು. ಚೂರುಗಳನ್ನು ಯಾರೂ ಒಯ್ಯುತ್ತಿರಲಿಲ್ಲ. ಚೀಟಿ ಚುಚ್ಚಿದ ಗಂಟುಗಳಿಂದ ಟ್ರಂಕು ತುಂಬುತ್ತ ಬಂತು.

ಆ ದಿನಗಳಲ್ಲೇ ಶಮೀಮ್ ಮೇಡಂ ಪರಿಚಯವಾದದ್ದು. ಆರ್.ಟಿ. ನಗರದವರು, ಕಾಲೇಜಿನಲ್ಲಿ ಫ್ರೆಂಚ್ ಕಲಿಸಿ ನಿವೃತ್ತರಾದವರು, ಈಗ ಮಗಳ ಜೊತೆ ಅಪಾರ್ಟ್‌ಮೆಂಟಿನಲ್ಲಿ ಇದ್ದಾರೆ. ಸೀರೆಗೆ ಫಾಲ್, ಪಿಕೋ ಮಾಡಿಸಲು ಬಂದು, ಜಕ್ಕೂರಿನಲ್ಲಿ ಮೊಟ್ಟಮೊದಲಿಗೆ ನನ್ನ ಬೆಂಚಿನ ಮೇಲೆ ಕೂತವರು ಅವರೇ. ಬೋರ್ಡನ್ನು ನೋಡಿ ಮುಗುಳ್ನಕ್ಕರು. ನನಗೆ ಮೈಯೆಲ್ಲ ಉರಿಯಿತು.

"ನಗಬ್ಯಾಡ್ರಿ ಮೇಡಂ. ಬೊಟೀಕ್ ಅಂದ್ರ ಏನಂತ ನನಗೂ ಗೊತ್ತಿಲ್ಲ. ಈ ಊರಾಗ ಯಾರಿಗೂ ಗೊತ್ತಿಲ್ಲ. ಸುಮ್ಮನ ಜೀವಾ ತಿಂತೈತಿ."

"ಅರೆ, ನಿಮ್ಮನ್ನ ನೋಡಿ ನಗಲಿಲ್ಲಮ್ಮ. ಬೊಟೀಕ್ ಅಂದ್ರೆ ಫ್ರೆಂಚಲ್ಲಿ ಅಂಗಡಿ. ಅಷ್ಟೇ. ಸಣ್ಣ ಅಂಗಡಿ. ಏನ್ ಮಾರಿದ್ರೂ ಬೊಟೀಕೇ."

ಅಂಗಡಿ! ಇಷ್ಟು ದಿನ ನನ್ನನ್ನು ಹೆದರಿಸಿದ ಮಾತಿಗೆ ಇಷ್ಟೇ ಅರ್ಥವೇ? ಮೇಡಂ ಅಲ್ಲಿಗೆ ಬಿಡಲಿಲ್ಲ, ಪಾಠ ಮಾಡಿದ ಜೀವವಲ್ಲವೇ. ಈ ಮಾತು ಫ್ರೆಂಚರಿಗೂ ಸ್ವಂತದ್ದಲ್ಲವಂತೆ. ಅದರ ಬೇರು ಗ್ರೀಕರಲ್ಲಿದೆ; ಅಲ್ಲಿ ಅದಕ್ಕೆ ಸಾಮಾನು ಇಟ್ಟು ಕಾಪಾಡುವ ಜಾಗ ಎಂದು ಅರ್ಥ. "ನಮ್ಮ ಉಗ್ರಾಣ ಇಲ್ವಾ, ಹಾಗೆ" ಎಂದರು. ಗ್ರೀಕರಿಂದ ರೋಮಿನವರಿಗೆ, ಅಲ್ಲಿಂದ ಫ್ರಾನ್ಸಿನ ದಕ್ಷಿಣದ ಸೀಮೆಗೆ, ಆಮೇಲೆ ಪ್ಯಾರಿಸ್ಸಿಗೆ, ಕೊನೆಗೆ ಇಂಗ್ಲಿಷಿಗೆ. ಔಷಧಿ ಅಂಗಡಿಯವನಿಗೆ ಇಂಗ್ಲಿಷಿನಲ್ಲಿ ಹಿಂದೆ ಇದ್ದ ಹೆಸರೂ ಇದೇ ಬೇರಿನದಂತೆ. ಫ್ಯಾಶನ್ನಿನ ಅರ್ಥ ಅಂಟಿಕೊಂಡದ್ದು ತೀರಾ ಇತ್ತೀಚೆಗೆ. ಪ್ಯಾರಿಸ್ಸಿನ ದೊಡ್ಡ ದರ್ಜಿಗಳು ಅಳತೆ ತೆಗೆದುಕೊಂಡು ಹೊಲಿಯುವ ಜಾಗದ ಜೊತೆಗೆ, ಸಿದ್ಧ ಉಡುಪು ಮಾರಲು ಒಂದು ಪುಟ್ಟ ಅಂಗಡಿಯನ್ನೂ ತೆರೆದರು. ಅದಕ್ಕೆ ಬೊಟೀಕು ಎಂದರು.

"ಅಂದ್ರ ಅಲ್ಲೆ ಹೊಲಿಯೂದೇ ಇಲ್ಲೇನ್ರಿ?"

"ಹೊಲಿಯೋದು ಬೇರೆ ಕಡೆ. ಬೊಟೀಕಲ್ಲಿ ಮಾರೋದು."

ತಲೆ ಚಚ್ಚಿಕೊಂಡೆ. ಮೇಡಂ ಜೋರಾಗಿ ನಕ್ಕು ಇನ್ನೊಂದು ಹೇಳಿದರು. ಬ್ಲೌಸ್ ಎನ್ನುವುದನ್ನೂ ಇಂಗ್ಲಿಷಿನವರು ಫ್ರೆಂಚಿನಿಂದಲೇ ತಂದದ್ದು. ಹೊಲದಲ್ಲಿ, ಕಾರ್ಖಾನೆಯಲ್ಲಿ ದುಡಿಯುವವರು ಮೇಲೆ ಹಾಕಿಕೊಳ್ಳುತ್ತಿದ್ದ ದೊಗಳೆ ಅಂಗಿ ಅದು. ಪಿಕೋ ಕೂಡ ಅವರದೇ, ಅಂಚಿನ ಸಣ್ಣ ಮೊನೆ. "ಊರಲ್ಲಿ ಬೋರ್ಡ್ ಮೇಲೆ ಪಿಕೋ ಅಂತ ಬರೆಸಿದ್ರಾ?" ಎಂದರು. ಇಪ್ಪತ್ತೆರಡು ವರ್ಷದಿಂದ ಇತ್ತು. "ಹಂಗಾದ್ರೆ ನೀವು ಬೆಂಗ್ಳೂರಿಗೆ ಬರೋಕೆ ಮುಂಚೇನೇ ಫ್ರೆಂಚ್ ಅಂಗಡಿ ಇಟ್ಟಿದ್ರಿ."

ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ದೊಗಳೆ ಅಂಗಿಯ ಹೆಸರಿಟ್ಟುಕೊಂಡು ಉಸಿರುಗಟ್ಟುವಷ್ಟು ಬಿಗಿ ಹೊಲಿಸುತ್ತಾರೆ. ಇಟ್ಟು ಕಾಪಾಡುವ ಜಾಗದ ಹೆಸರಿಟ್ಟುಕೊಂಡು ಉಳಿದದ್ದನ್ನೆಲ್ಲ ಕಸಕ್ಕೆ ಹಾಕಿ ಎನ್ನುತ್ತಾರೆ. ಯಾರಿಗೆ ಹೇಳಲಿ ಇದನ್ನು? ಜಯಮ್ಮನವರಿಗೆ ಹೇಳಿದೆ. "ಅದೆಲ್ಲ ಸರಿ, ಜ್ಯೂಸ್ ಅಂಗ್ಡಿಯೋನು ನೆನ್ನೆ ಮತ್ತೆ ಬಂದಿದ್ದ" ಎಂದರು.

ನವರಾತ್ರಿಯ ಒಂದು ಸಂಜೆ ನಿಖಿತಾ ಬಂದಳು. ನೋಡಿದ ಕೂಡಲೇ ತಿಳಿಯಿತು, ಏಳು ತಿಂಗಳು. ಕೈಯಲ್ಲಿ ಅದೇ ನವಿಲು ಬಣ್ಣದ ಜಂಪರು.

"ಆಂಟಿ, ಭಾನುವಾರ ನನ್ನ ಸೀಮಂತ. ಅಮ್ಮನ ಸೀರೇನೇ ಉಡ್ಬೇಕು ಅಂತ ನನಗೆ. ಇದು ಕೈಗೇ ಏರ್ತಿಲ್ಲ. ಮೂರು ಬೊಟೀಕಲ್ಲಿ ಕೇಳ್ದೆ. ಒಳಗೆ ಬಟ್ಟೆನೇ ಬಿಟ್ಟಿಲ್ಲ, ಏನೂ ಮಾಡಕ್ಕಾಗಲ್ಲ ಅಂದ್ರು." ಇಷ್ಟು ಹೇಳಿ ಸುಮ್ಮನಾಗಿದ್ದರೆ ಆಗುತ್ತಿತ್ತು. "ನೀವು ಆವಾಗ್ಲೇ ಸರಿಯಾಗಿ ಹೇಳ್ಬೇಕಿತ್ತಲ್ವಾ ಆಂಟಿ?" ಎಂದಳು.

ಆರು ತಿಂಗಳಿನಿಂದ ನುಂಗಿಕೊಂಡದ್ದೆಲ್ಲ ಹೊರಗೆ ಬಂತು. "ಎಷ್ಟ ಸಲ ಹೇಳಬೇಕಿತ್ತ ಬೇ? ಮೂರ ಸಲ ಹೇಳೇನಿ! ಮೈ ತುಂಬಲಿ ಅಂತ ಹರಸಿದ್ರ ಹಂಗಿಸಿದ್ಲು ಅಂತ ಊರಿಗೆಲ್ಲ ಸಾರಿದಿ. ನಿನ್ನ ಒಂದು ನಕ್ಷತ್ರಕ್ಕ ನನ್ನ ಅಂಗಡಿ ಬಾಗಲಾ ಮುಚ್ಚೂ ಹೊತ್ತ ಬಂದೈತಿ!" ಎದುರು ಮನೆಯವರು ಕಿಟಕಿಯಿಂದ ಇಣುಕಿದರು. ನಿಖಿತಾ ಬೆಂಚಿನ ಮೇಲೆ ಕುಸಿದು ಕೂತಳು, ಕಣ್ಣು ತುಂಬಿಕೊಂಡವು. ಬಸುರಿಯನ್ನು ಅಳಿಸಿದೆನಲ್ಲ ಎಂದು ನನ್ನ ಬಾಯಿಗೆ ನಾನೇ ಶಾಪ ಹಾಕಿಕೊಂಡು, ಎದ್ದು ಟ್ರಂಕಿನ ಮುಚ್ಚಳ ತೆರೆದೆ.

ಗಂಟುಗಳನ್ನೆಲ್ಲ ಸರಿಸಿದ ಮೇಲೆ ತಳದಲ್ಲಿ ಸಿಕ್ಕಿತು. ಚೀಟಿಯ ಮೇಲೆ ಅವಳ ಹೆಸರಿತ್ತು. ಬಿಚ್ಚಿ ಮೇಜಿನ ಮೇಲೆ ಹರಡಿದೆ: ಅಂದು ಕತ್ತರಿಸಿದ ಎರಡು ಬೆರಳಿನ ಪಟ್ಟಿಗಳು, ತೋಳು ಕತ್ತರಿಸಿ ಉಳಿದ ತುಂಡು, ಅಂಚಿನ ಜರಿಯ ಒಂದು ಮೂಲೆ. ಅವಳು ಅದನ್ನು ಮುಟ್ಟಿ ನೋಡಿದಳು.

"ಇದನ್ನ ಯಾಕೆ ಇಟ್ಕೊಂಡಿದ್ರಿ?"

"ಇಟ್ಟುಕೊಂಡಿಲ್ಲವ್ವ. ನಿಂದು. ನೀ ಒಯ್ದಿರಲಿಲ್ಲ."

ಎರಡೂ ಪಕ್ಕಕ್ಕೆ ಪಟ್ಟಿ ಕೂಡಿಸಿ, ತೋಳಿನ ಕೆಳಗೆ ಉಳಿದ ತುಂಡನ್ನು ಕೊಟ್ಟು, ಹೊಲಿಗೆ ಸೆರಗಿನ ಮರೆಯಲ್ಲಿ ಬರುವ ಹಾಗೆ ಮಾಡಿದೆ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತವಳು ಪಕ್ಕಕ್ಕೆ ಕೂಡಿಸಿದ ಪಟ್ಟಿಯನ್ನು ಬೆರಳಿಂದ ಸವರಿದಳು. ಹೋಗುವಾಗ, "ಸೀಮಂತಕ್ಕೆ ಬನ್ನಿ ಆಂಟಿ, ಗೇಟಲ್ಲಿ ನನ್ನ ಹೆಸರು ಹೇಳಿ" ಎಂದಳು. ಹೋದೆ. ಅವಳ ಮಡಿಲಿಗೆ ಉಡಿಯಕ್ಕಿ ಹಾಕಿ ಬಂದೆ. ಮರುದಿನ ಒಂದು ನಕ್ಷತ್ರ ಐದಾಗಿತ್ತು. ಜೊತೆಗೆ ಬರೆದಿದ್ದಳು: ಬೊಟೀಕು ಬಹಳ ಚೆನ್ನಾಗಿದೆ, ಆಂಟಿ ಸ್ವಲ್ಪ ಬೈಯುತ್ತಾರೆ.

ಆಮೇಲೆ ಜನ ಬರತೊಡಗಿದರು. "ಆಂಟಿ, ಒಳಗೆ ಬಟ್ಟೆ ಬಿಡಿ, ಚೂರು ನಿಮ್ಮ ಹತ್ರಾನೇ ಇರ್ಲಿ" ಎನ್ನುತ್ತಿದ್ದರು. ಜಯಮ್ಮನವರು ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಜ್ಯೂಸ್‌ನೋನಿಗೆ ಬ್ಯಾರೆ ಕಡೆ ನೋಡ್ಕೊ ಅಂದ್ಬುಟ್ಟೆ ಕಣಮ್ಮ. ಓಗು, ದೀಪಾವಳಿ ಅಬ್ಬಕ್ಕೆ ಊರಿಗೋಗಿ ಬಾ" ಎಂದರು. ಅಂಗಡಿ ಉಳಿಯಿತು. ಆ ದಿನ ಮುದ್ದೆಯನ್ನು ಅಗಿಯದೆ ನುಂಗಿದೆ.

ದೀಪಾವಳಿಗೆ ಊರಿಗೆ ಬಂದೆ, ನಿಮ್ಮಲ್ಲಿ ಕೆಲವರು ಸಿಕ್ಕಿದಿರಿ. ಯಾರಿಗೂ ಹೇಳದ ಒಂದು ಮಾತಿದೆ. ಇಳಿದ ದಿನವೇ ಚೀಲ ಹಿಡಿದುಕೊಂಡು ಸೀದಾ ನನ್ನ ಹಳೆಯ ಅಂಗಡಿಗೆ ಹೋದೆ. ಬೋರ್ಡು ಬದಲಾಗಿತ್ತು. 'ರೇಣುಕಾ ಬೊಟೀಕ್'. ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟ ಅದೇ ಬಡಕಲು ಹುಡುಗಿ. ಒಳಗೆ ಬೆಂಚು ಇರಲಿಲ್ಲ. ಬಾಗಿಲ ಪಕ್ಕ, ಕಸದ ಗಾಡಿಗೆ ಹಾಕಲು ಇಟ್ಟ ಒಂದು ಚೀಲದ ತುಂಬ ಚೂರುಗಳು. ಹಗ್ಗದ ಮೇಲಿದ್ದ ಒಂದು ಜಂಪರನ್ನು ಒಳಮಗ್ಗಲು ಮಾಡಿ ನೋಡಿದೆ. ನೀಟಾಗಿತ್ತು. ಒಂದು ಎಳೆ ಬಟ್ಟೆಯೂ ಹೆಚ್ಚಿಗೆ ಇರಲಿಲ್ಲ.

"ಯಾಕ ಹಿಂಗ ಮಾಡಿದಿ ರೇಣುಕಾ? ಚೂರು ಯಾಕ ಚೆಲ್ಲಾಕ ಹತ್ತಿ?"

"ಈಗ ಯಾರ್ ಒಯ್ತಾರ ಅಕ್ಕಾರ? ಕೌದಿ ಯಾರೂ ಹೊಲಿಯೂದಿಲ್ಲ, ಎಲ್ಲಾರೂ ಬ್ಲಾಂಕೆಟ್ ತರ್ತಾರ." ಅವಳ ಮುಖದಲ್ಲಿ ಹೆಮ್ಮೆ ತುಂಬಿತ್ತು. "ನಿಮ್ಮನ್ನ ನೋಡೇ ಬೋರ್ಡ್ ಹಾಕಿಸೇನ್ರಿ. ನೀವು ಫೋಟೋ ಕಳಿಸಿದ್ರೆಲ್ಲ, ಅದನ್ನ ತೋರಿಸಿ ಹಿಂಗ ಮಾಡಿಕೊಡ್ರಿ ಅಂದೆ. ಬೆಂಗಳೂರಾಗ ಅಕ್ಕಾರು ಹೆಂಗ ಮಾಡ್ತಾರ, ನಾನೂ ಹಂಗ. ಚಲೋ ಆಗೇತಿಲ್ರಿ?"

ಚಲೋ ಆಗೇತಿ ಎಂದೆ. ಅವಳ ತಲೆ ಸವರಿದೆ. ಬರುವಾಗ ಬಾಗಿಲ ಪಕ್ಕದ ಆ ಚೀಲವನ್ನು ಕೇಳಿ ತೆಗೆದುಕೊಂಡೆ. ರೈಲಿನಲ್ಲಿ ನಮ್ಮ ಮನೆಯವರು, "ಊರಿಗೆ ಹೋದಾಕಿ ರೊಟ್ಟಿ ತರ್ತಿ ಅಂದ್ರ ಅರಿವಿ ಚೂರು ತಂದಿಯಲ್ಲ" ಎಂದು ಯಲಹಂಕದ ತನಕ ಬೈದರು.

ಅದರಲ್ಲಿ ನಿಮ್ಮ ಚೂರುಗಳೂ ಇವೆ. ಇಳಕಲ್ಲಿನ ಸೆರಗಿನದು ಯಾರದು, ಗುಳೇದಗುಡ್ಡದ ಖಣದ ಜಂಪರಿನದು ಯಾರದು ಎಂದು ಒಂದೊಂದಾಗಿ ಊಹಿಸುತ್ತ ಜಕ್ಕೂರಿನವರ ಚೂರುಗಳ ಜೊತೆ ಟ್ರಂಕಿಗೆ ಹಾಕಿದ್ದೇನೆ. ನಿಮ್ಮ ಚೂರುಗಳಿಗೆ ಚೀಟಿ ಚುಚ್ಚಲಾಗಲಿಲ್ಲ, ಹೆಸರು ತಿಳಿಯದು. ಯಾರಿಗಾದರೂ ಬೇಕಿದ್ದರೆ ಹೇಳಿ ಕಳಿಸಿ. ಒಂದು ತಿಂಗಳು ಕಾಯುತ್ತೇನೆ. ಕೇಳದಿದ್ದರೆ ನಾನೇ ಒಂದು ಕೌದಿ ಹೊಲಿಯುತ್ತೇನೆ. ಇಲ್ಲಿಯ ಗಿರಾಕಿಗಳು ಚೂರು ನನ್ನ ಹತ್ತಿರವೇ ಇರಲಿ ಎಂದಿದ್ದಾರೆ, ಹೊಲಿಯಲು ಅವರನ್ನೂ ಕೇಳಿ ಒಪ್ಪಿಸಿಕೊಳ್ಳುತ್ತೇನೆ. ಎರಡೂ ಕಡೆಯ ಚೂರುಗಳನ್ನು ನೆಲದ ಮೇಲೆ ಹರಡಿಕೊಂಡು ನಿನ್ನೆ ಮಧ್ಯಾಹ್ನ ಪೂರ್ತಿ ಕೂತಿದ್ದೆ. ಯಾವುದನ್ನು ನಡುವೆ ಇಡಬೇಕು, ಯಾವುದನ್ನು ಅಂಚಿಗೆ ಹಾಕಬೇಕು ಎನ್ನುವುದು ಬಗೆಹರಿಯಲಿಲ್ಲ. ಗಿರಾಕಿ ಬಂದಳು, ಎಲ್ಲವನ್ನೂ ಬಾಚಿ ಮತ್ತೆ ಟ್ರಂಕಿಗೇ ತುಂಬಿದೆ.